ಹೆಸರು ಆಮೇಲೆ

ಟೊಲೀಡೊದ ಗುಜರಿಯಲ್ಲಿ ಇಪ್ಪತ್ತು ವರ್ಷ ತಕ್ಕಡಿ ಹಿಡಿದವನು;
ತಾಮ್ರ ಯಾವುದು, ತಾಮ್ರದ ಲೇಪ ಯಾವುದು
ನನಗೇ ಹೇಳಿಕೊಡಬೇಡಿ.

ಕ್ಯಾಚರ್ ತವಾರೆಸ್‌ನನ್ನು ಕೊಟ್ಟುಬಿಟ್ಟರಂತೆ.
ಬ್ಯಾಟು ಹಿಡಿದರೆ ಸೊನ್ನೆ, ಒಪ್ಪಿದೆ.
ಮಂಡಿ ಸವೆದಿದೆ, ಅದೂ ಸರಿ.
ಆದರೆ ಒಂಬತ್ತನೇ ಇನ್ನಿಂಗ್ಸಿನಲ್ಲಿ ಆ ಎಳೆಯ ಪಿಚರ್‌ನ ಕೈ ನಡುಗಿದಾಗ
ಮುಖಗವಸು ಮೇಲೆತ್ತಿ, ಕುಂಟುತ್ತ ನಡೆದುಹೋಗಿ
ಕಿವಿಯಲ್ಲೇನೋ ಉಸುರಿ ನಗಿಸಿದನಲ್ಲ,
ಅದನ್ನು ಯಾವ ಖಾತೆಗೆ ಬರೆದಿರಿ, ಮ್ಯಾನೇಜರ್ ಸಾಹೇಬರೇ?

ಬದಲಿಗೆ ಬಂದದ್ದು
ಮೊಣಕೈಗೆ ಹೊಲಿಗೆ ಬಿದ್ದ ಎಡಗೈಯವನೊಬ್ಬ,
ಮತ್ತೆ, ಕಾಗದದಲ್ಲಿ ಹೀಗೇ ಇದೆ,
‘ಹೆಸರು ಆಮೇಲೆ ತಿಳಿಸಲಾಗುವ ಆಟಗಾರ.’

ಬೈಯಲು ಬಾಯಿ ತೆರೆದೆ. ಯಾರನ್ನು?
ಆ ಹುಡುಗ ಈಗ ಎಲ್ಲೋ
ರಾತ್ರಿ ಬಸ್ಸಿನ ಕಿಟಕಿಗೆ ತಲೆಯಾನಿಸಿ
ಗ್ಲೌಸು ಮಡಿಲಲ್ಲಿಟ್ಟು ನಿದ್ದೆಹೋಗಿರಬೇಕು,
ತಾನು ಚಿಲ್ಲರೆಯೆಂದು ತಿಳಿಯದೆ.