ನಾಲ್ಕನೇ ಕೂಗು

ರಾತ್ರಿ ಒಂಬತ್ತಕ್ಕೆ ಅಮ್ಮ ಚಾಪೆಯ ಮೇಲೆ ಮಂಡಿಯೂರಿ
ಹೆಸರುಗಳನ್ನು ಒಂದೊಂದಾಗಿ ಮುಂದಿಡುತ್ತಾಳೆ,
ಸೇರಿನಲ್ಲಿ ರಾಗಿ ಅಳೆಯುವವಳ ಹಾಗೆ, ಕಾಳೂ ಚೆಲ್ಲದೆ.
ಮಗಳು ಸುಗಂಧಿಯನ್ನು, ಪಕ್ಕದಲ್ಲೇ ಇದ್ದೇನೆ ನಾನು,
ಅಳಿಯ ವೇದನಾಯಕನನ್ನು,
ಶುಗರ್ ಇಳಿಯದ ತಮ್ಮ ಆರೋನಪ್ಪನನ್ನು,
ಎದುರುಮನೆಯ ಬಸುರಿ ನಸೀಮಳನ್ನು,
ಜಯಶೀಲನನ್ನು

ಅಲ್ಲಿ ನಿಲ್ಲುತ್ತಾಳೆ.
ಮೂವತ್ತೆಂಟು ವರ್ಷ ಆ ಹೆಸರಿನ ಬೆನ್ನಿಗೇ
'ಕಾಪಾಡಪ್ಪಾ' ಬರುತ್ತಿತ್ತು, ಹಸುವಿನ ಹಿಂದೆ ಕರು ಬಂದ ಹಾಗೆ.
ಈಗ 'ಅನ್ನು' ಎಂದು ಚಾಚಿದ ಕೈಗೆ
ಹಿಡಿಯಲು ಕ್ರಿಯಾಪದವಿಲ್ಲ.
ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು.
ಕರ್ತನಿದ್ದಾನೆ, ಕರ್ಮಪದವಿದೆ,
ವಾಕ್ಯ ಮಾತ್ರ ಆಗುತ್ತಿಲ್ಲ.

ಹದಿನಾರನೆಯ ದಿನ ಅಯ್ಯನವರು ಬಂದರು.
ಬೆಲ್ಲದ ಕಾಫಿ ಕುಡಿದರು, ನಿಧಾನಕ್ಕೆ ಹೇಳಿದರು:
'ಕರುಣಮ್ಮ, ಇದು ನಮ್ಮ ಚಿಂತಾಮಣಿಯವರಿಗೆ ತಿಳಿದ ಲೆಕ್ಕವೇ.
ಟೊಮೇಟೊ ಮಂಡಿಯಲ್ಲಿ ಮೂರು ಸಲ ಕೂಗಿ
ಚೀಟಿ ಹರಿದ ಮೇಲೆ ಯಾರಾದರೂ ಬೆಲೆ ಏರಿಸುತ್ತಾರಾ?
ಹೋದವರದೂ ಹಾಗೆ. ಇದ್ದಾಗ ಆಗಬೇಕಿತ್ತು.
ಅವನಿಗಾಗಿ ಬೇಡ, ನಿಮಗಾಗಿ ಬೇಡಿಕೊಳ್ಳಿ.'
ಲೋಟದ ತಳದ ಗಸಿ ನೋಡುತ್ತ ಅಂದರು,
ನಮ್ಮ ಮುಖ ನೋಡಲಿಲ್ಲ.
ಅವರ ಹೆಂಡತಿ ತೀರಿಕೊಂಡು ಎರಡು ವರ್ಷ.

ಜಯಶೀಲ ಅದೇ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ ಎಂಬುದು
ಅಯ್ಯನವರಿಗೆ ಗೊತ್ತಿರಲಿಲ್ಲವೋ ಮರೆತರೋ.
ದೇವಾಲಯದ ಮೆಟ್ಟಿಲು ಹತ್ತದೆ ಎಂಟು ವರ್ಷ
ಎಂಬುದಂತೂ ಊರಿಗೇ ಗೊತ್ತು.
ಭಾನುವಾರದ ಗಂಟೆಯೂ ಮಂಡಿಯ ಗಂಟೆಯೂ ಒಂದೇ ಹೊತ್ತಿಗೆ ಎಂದ ಮೊದಲು;
ಆಮೇಲೆ ನೆಪ ಹೇಳುವುದನ್ನೂ ಬಿಟ್ಟ.
ಗೆಳೆಯರ ಜೊತೆ ಮುರುಗಮಲ್ಲಕ್ಕೆ ಹೋಗುತ್ತಿದ್ದ.
ಯಾಕೋ ಎಂದರೆ, 'ಅಲ್ಲಿ ಹಾಜರಿ ಕೂಗಲ್ಲ ಕಣಕ್ಕ.'
ಕನ್ನಂಪಲ್ಲಿ ಕೆರೆಯ ತಿರುವಿನಲ್ಲಿ ಬೈಕು ಸಿಕ್ಕಾಗ
ಹೆಡ್‌ಲೈಟು ಇನ್ನೂ ಉರಿಯುತ್ತಿತ್ತಂತೆ,
ನೀರಿನ ಕಡೆಗೆ.

ನವೆಂಬರ್ ಒಂದರ ಸಂಜೆ ಹಿಂದಿನ ಬೀದಿಯ ಅರುಳ್‌ಮೇರಿ ಬಂದಳು,
ಕೈಯಲ್ಲಿ ಮೋಂಬತ್ತಿಯ ಪೊಟ್ಟಣ.
'ನಮ್ಮಲ್ಲಿ ಹೆಸರು ಬರೆದು ಕವರಲ್ಲಿ ಹಾಕಿ ಕೊಡ್ತೀವಿ,
ನಾಳೆ ಪೂಜೆಯಲ್ಲಿ ಫಾದರ್ ಓದ್ತಾರೆ.
ನಿಮ್ಮ ಹುಡುಗನದೂ ಬರೀಲಾ ಅಕ್ಕ?'
ಅಮ್ಮ ತುಂಬ ಹೊತ್ತು ಸೆರಗಿನ ಅಂಚು ಮಡಿಸಿದಳು, ಬಿಡಿಸಿದಳು.
'ನಮ್ಮದರಲ್ಲಿ ಇಲ್ಲ ಕಣಮ್ಮ.'
ಅವಳು ಗೇಟು ದಾಟಿ ಹತ್ತು ಹೆಜ್ಜೆ ಹೋದ ಮೇಲೆ
ಬಾಗಿಲಿಗೆ ಬಂದು ಕೂಗಿದಳು:
'ಶೀಲಕ್ಕೆ ದೀರ್ಘ ಇದೆ, ಮರೀಬೇಡ!'

ನನಗೆ ಸಿಟ್ಟು ಬಂತು.
ಭಾನುವಾರ ಶಾಲೆಯಲ್ಲಿ ಬೆತ್ತ ಹಿಡಿದು
ಇದೆಲ್ಲ ತಪ್ಪೆಂದು ಕಲಿಸಿದವಳೇ ಇವಳು.
ಅಂದು ರಾತ್ರಿ ಕೇಳಿಯೇಬಿಟ್ಟೆ:
ಮುಗಿದ ಹರಾಜಲ್ಲವಾ ಅಮ್ಮ?

ದೀಪ ಆರಿಸಿದ್ದಳು. ಕತ್ತಲಿಂದಲೇ ಬಂತು ಮಾತು.
'ಒಂದು ಸಲ ಬುತ್ತಿ ಮರೆತು ಹೋಗಿದ್ದ, ಮಂಡಿಗೆ ಒಯ್ದಿದ್ದೆ.
ಒಬ್ಬ ಮುದುಕಿ ತಡವಾಗಿ ಬಂದಳು.
ಎರಡೇ ಕ್ರೇಟು, ಅರ್ಧ ಬಿರಿದ ಹಣ್ಣು.
ಇನ್ನೂರಕ್ಕೆ ನಿಂತಿತು. ಒಂದು, ಎರಡು, ಮೂರು.
ಚೀಟಿ ಹರೀಬೇಕು.
ಇವನು ಅವಳ ಕಾಲು ನೋಡಿದ. ಚಪ್ಪಲಿ ಇರಲಿಲ್ಲ.
ಕೆಮ್ಮಿದ.
ಲೆಕ್ಕ ತಪ್ಪಿದವನ ಹಾಗೆ ಇನ್ನೊಂದು ಸಲ ಕೂಗಿದ.
ಮಂಡಿಗೆ ಮಂಡಿಯೇ ಬೈತು ಅವನನ್ನ, ನನ್ನನ್ನೂ ಸೇರಿಸಿ.
ಇನ್ನೂರ ನಲವತ್ತಕ್ಕೆ ಹೋಯ್ತು.'

ಮಗ್ಗುಲು ಬದಲಿಸಿದ ಸದ್ದು.
'ನನ್ನ ಹೊಟ್ಟೇಲಿ ಹುಟ್ಟಿದವನಿಗೇ ಅಷ್ಟು ಬಂದ ಮೇಲೆ...'
ಅದನ್ನೂ ಮುಗಿಸಲಿಲ್ಲ.

ಅಯ್ಯನವರದು ತಪ್ಪೆಂದು ಹೇಳಲಾರೆ.
ಅಮ್ಮನದು ಸರಿ ಎನ್ನಲು ವಚನ ಹುಡುಕಿದೆ, ಸಿಗಲಿಲ್ಲ.
ಇವತ್ತೂ ಒಂಬತ್ತಕ್ಕೆ
ಆರೋನಪ್ಪನನ್ನು, ನಸೀಮಳನ್ನು, ಅವಳ ಕೂಸನ್ನು,
ಜಯಶೀಲನನ್ನು
ಗೋಡೆಯ ಹಲ್ಲಿ, ಮದನಪಲ್ಲಿ ಕಡೆಯ ಲಾರಿಯೊಂದರ ಹಾರನ್ನು.
ತರಗತಿಯಲ್ಲಾಗಿದ್ದರೆ ಕೆಂಪು ಗೀಟು ಎಳೆಯುತ್ತಿದ್ದೆ.
ಇಲ್ಲಿ, ಅವಳಿಗಿಂತ ಒಂದು ಚೂರು ಮೊದಲೇ,
ಆಮೆನ್ ಅನ್ನುತ್ತೇನೆ.