ನಲವತ್ತೊಂದನೆಯ ಮೂಗು

ಜನವರಿ. ಉಲಾನ್‌ಬಾತರಿನ ಮಕ್ಕಳಾಸ್ಪತ್ರೆ, ಮೂರನೆ ಮಹಡಿ.
ಕಿಟಕಿಯಾಚೆ ಮೈನಸ್ ಮೂವತ್ತು.
ಗುಡ್ಡದ ಗೆರ್‌ಗಳಿಂದ ಇಳಿದ ಕಲ್ಲಿದ್ದಲ ಹೊಗೆ
ಬೆಳಗಿನ ಪಾಳಿಯವರ ಜೊತೆಗೇ ಒಳಗೆ ಬಂದು
ಕೋಟು ಬಿಚ್ಚದೆ ಕೂತಿದೆ.

ನನ್ನ ಕೆಲಸ ಮೂಗುಗಳದ್ದು.
ಒಂದು ಹತ್ತಿಕಡ್ಡಿ, ಒಂದು ನಮೂನೆ, ಮೂವತ್ತು ಪ್ರಶ್ನೆ.
ದಾದಿಯರು, ಡಾಕ್ಟರು, ನೆಲ ಒರೆಸುವವರು,
ಯಾರ ಮೂಗಿನ ಹಿಂದೆ ಯಾವ ಜೀವಿ
ಬಾಡಿಗೆ ಕೊಡದೆ ಬಿಡಾರ ಹೂಡಿದೆ, ನೋಡಬೇಕು.
ಹೊತ್ತವರು ರೋಗಿಗಳಲ್ಲ ಎಂದು ಮೊದಲೇ ಹೇಳುತ್ತೇನೆ.
ಆದರೂ ಕಳವಿನ ಮಾಲು ಸಿಕ್ಕೀತೆಂಬಂತೆ
ತಲೆಯನ್ನು ಹಿಂದಕ್ಕೆ ವಾಲಿಸುತ್ತಾರೆ.

ದುಲಮ್‌ಸುರೆನ್, ಇಪ್ಪತ್ತಾರು ವರ್ಷದ ಸರ್ವಿಸು.
ಕಡ್ಡಿ ಆಳಕ್ಕಿಳಿದಾಗ ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ.
ಸಿಗರೇಟು? ಗಂಡ ಸೇದುತ್ತಿದ್ದ. ಈಗ ಗಂಡನೇ ಇಲ್ಲ.
ಲಸಿಕೆ? ನಾನು ಚುಚ್ಚಿದವು ಲೆಕ್ಕಕ್ಕೆ ಬರುತ್ತವಾ?
ಆಂಟಿಬಯಾಟಿಕ್?
ಬಜಾರಿನದು, ಎರಡು ದಿನ. ಉಳಿದದ್ದು ಡ್ರಾಯರಿನಲ್ಲಿದೆ, ಬೇಕಾ?
ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳು?
ಬೆರಳು ಮಡಚಿದಳು: ಮೊಮ್ಮಗಳು, ತಂಗಿಯ ಅವಳಿ,
ಪಕ್ಕದವಳು ಕೆಲಸಕ್ಕೆ ಹೋಗುವಾಗ ಬಿಟ್ಟುಹೋಗುವ ಒಂದು.
ನಾಲ್ಕು ಅಂತ ಬರಿ. ಒಲೆ ಮಾತ್ರ ಒಂದೇ.

ಒಂದು ಕೋಣೆಗೆ ಎಷ್ಟು ಜನ?
ಒಳಗೋಡೆಯೇ ಇಲ್ಲದ ದುಂಡು ಮನೆಗೆ
ಏನೆಂದು ಬರೆಯಲಿ. ಅಡ್ಡಗೆರೆ ಎಳೆದೆ.

ಆಮೇಲೆ ನೋಡಿದೆ.
ಏಳನೆ ಹಾಸಿಗೆಯ ಪೋರ, ಗುಬ್ಬಿಯೆದೆ,
ಉಸಿರಿಗೊಮ್ಮೆ ಪಕ್ಕೆಲುಬು ಎಣಿಸಬಹುದು.
ಆಕ್ಸಿಜನ್ ನಳಿಕೆ ಸರಿಪಡಿಸಿದವಳು
ಮಾಸ್ಕನ್ನು ಗದ್ದಕ್ಕಿಳಿಸಿ
ಅವನ ನೆತ್ತಿಗೆ ಮೂಗೊತ್ತಿ
ಉದ್ದಕ್ಕೆ ಒಂದು ಸಲ ಉಸಿರೆಳೆದುಕೊಂಡಳು.
ನಮ್ಮಲ್ಲಿ ಮುತ್ತೆಂದರೆ ಅದೇ. ತುಟಿಯದ್ದಲ್ಲ, ಮೂಗಿನದ್ದು.
ಅಜ್ಜ ಕುರಿ ಮಾರಿ ಊರಿಗೆ ಮರಳಿದ ದಿನ
ನನ್ನನ್ನು ಹೀಗೇ ಮೂಸಿ "ಬೆಳೆದಿದ್ದೀಯ" ಅನ್ನುತ್ತಿದ್ದ,
ಕಣ್ಣು ಮುಚ್ಚಿಕೊಂಡೇ.

ಮೂವತ್ತು ಪ್ರಶ್ನೆಗಳಲ್ಲಿ ಇದಿಲ್ಲ.
ಬೇರೆ ದೇಶದವರು ಬರೆದ ನಮೂನೆ,
ಅವರ ಮೂಗಿನ ನೇರಕ್ಕೆ ಬರೆದಿದ್ದಾರೆ, ತಪ್ಪೇನಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ಮೂಸುತ್ತಾಳೆ.
ಅಳಿಸಿದೆ.

ಲ್ಯಾಬಿನಲ್ಲಿ ಗ್ಯಾಸಿನ ಸಿಲಿಂಡರು ಖಾಲಿ.
ಕುರಿರಕ್ತ ಬೆರೆಸಿದ ಅಗರ್ ತಟ್ಟೆಗಳನ್ನು ಜಾಡಿಯಲ್ಲಿ ಪೇರಿಸಿ
ಮೇಲೊಂದು ಮೋಂಬತ್ತಿ ಹಚ್ಚಿ ಮುಚ್ಚಳ ಬಿಗಿದೆ.
ಬತ್ತಿ ತನ್ನ ಗಾಳಿ ತಾನೇ ತಿಂದು ಆರಿತು.
ಈ ಜೀವಿಗೆ ಇಂಥ ಇಕ್ಕಟ್ಟೇ ಹಿತ.

ಮರುದಿನ ದುಲಮ್‌ಸುರೆನ್‌ಳ ತಟ್ಟೆಯಲ್ಲಿ ಹುಡುಕಿದ್ದು ಸಿಗಲಿಲ್ಲ.
ಎರಡು ಸಲ ನೋಡಿದೆ.
ನಲವತ್ತೊಂದರಲ್ಲಿ ಸಿಕ್ಕಿತು:
ನಡು ತಗ್ಗಿದ ಸಣ್ಣ ಬೊಟ್ಟುಗಳು, ಸುತ್ತ ಹಸಿರು ಪ್ರಭೆ.
ಸಂಖ್ಯೆಯ ಹಿಂದಿನ ಹೆಸರು ನೋಡುವಂತಿಲ್ಲ.
ನೋಡಬೇಕಾಗಿಯೂ ಇರಲಿಲ್ಲ.
ನಲವತ್ತೊಂದನೆಯ ಕಡ್ಡಿಯನ್ನು
ಬಚ್ಚಲಿನ ಕನ್ನಡಿಯ ಮುಂದೆ ನಿಂತು ನಾನೇ ಹಾಕಿಕೊಂಡಿದ್ದೆ.
ಕಂಕುಳಲ್ಲಿ ಕೂಸು, ಊರೆಲ್ಲ ಡಂಗುರ.

ನನಗೆ ಮಕ್ಕಳಿಲ್ಲ. ಒಬ್ಬಳೇ ಇರುವ ಫ್ಲ್ಯಾಟು,
ಗೋಡೆಯೊಳಗೆ ಬಿಸಿನೀರ ಕೊಳವೆ, ಒಲೆಯಿಲ್ಲ, ಹೊಗೆಯಿಲ್ಲ.
ನನ್ನ ನಮೂನೆಯ ತುಂಬ ಇಲ್ಲ, ಇಲ್ಲ, ಇಲ್ಲ.

ಸಂಜೆ ವಾರ್ಡಿನ ಬಾಗಿಲಲ್ಲಿ ನಿಂತೆ.
ಏಳನೆ ಹಾಸಿಗೆಯವನು ಎದ್ದು ಕೂತಿದ್ದ.
ನನ್ನನ್ನು ಕಂಡು, ಅಭ್ಯಾಸಬಲ,
ನೆತ್ತಿಯನ್ನು ಮುಂದಕ್ಕೆ ಬಾಗಿಸಿ ಕಾದ.
ಮಾಸ್ಕಿನ ತಂತಿಯನ್ನು ಮೂಗಿಗೆ ಒತ್ತಿಕೊಂಡು
ಅಲ್ಲಿಂದಲೇ ಉಸಿರೆಳೆದೆ.
ಬಂದದ್ದು ನನ್ನದೇ ಬಾಯಿಯ ವಾಸನೆ:
ಹಾಲು, ಉಪ್ಪು, ಚಹಾ.