ಕಿತ್ತಳೆಯ ಪಕ್ಕ ಏನಿಡಲಿ

ಬೇಲಿಯಾಚೆಯಿಂದ ಕೇಳುತ್ತಾಳೆ ಎರ್ಮೆಲಿಂಡಾ,
ತಿಮೋರಿನಿಂದ ಡಂಗ್ಯಾನನ್ನಿಗೆ ಬಂದು
ಮಾಂಸದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮಾಡುವವಳು:
‘ಡಿಂಪ್ನಾ, ಈ ಕಿತ್ತಳೆ ಲಿಲ್ಲಿಯ ಪಕ್ಕ
ಯಾವ ಬಣ್ಣ ಇಟ್ಟರೆ ಚೆಂದ?’

ಐವತ್ತು ವರ್ಷವಾಯಿತು ಮಗಳೇ,
ಇದೊಂದು ಪ್ರಶ್ನೆಯ ಮುಂದೆ ನಾನು ಮಂಡಿಯೂರಿ.
ಕೂತುಕೋ. ಚಹಾಕ್ಕೆ ನೀರಿಟ್ಟಿದ್ದೇನೆ.

ಬಿಳಿ ಇಡು ಎನ್ನುತ್ತವೆ ಪುಸ್ತಕಗಳು.
ಇಟ್ಟಿದ್ದೆ, ಮದುವೆಯಾದ ಎರಡನೆಯ ಬೇಸಿಗೆ,
ಒಂದು ಸಾಲು ಬಿಳಿ ಫ್ಲಾಕ್ಸ್.
ಎಲೆ ಹೇಗೂ ಹಸಿರು.
ಐವರನ ಚಿಕ್ಕಮ್ಮ ಗೇಟಿನಲ್ಲೇ ನಿಂತು
ಬೆರಳು ಮಡಚಿ ಎಣಿಸಿದಳು: ಹಸಿರು, ಬಿಳಿ, ಕಿತ್ತಳೆ.
‘ಓಹೋ, ಬಾವುಟ ನೆಟ್ಟಿದ್ದಾಳೆ ಸೊಸೆ.’
ಒಳಗೆ ಕಾಲಿಡದೆ ಹೋದಳು.

ನೇರಳೆ ಹೊಂದುತ್ತದೆ, ಸುಳ್ಳಲ್ಲ.
ಕಡುನೇರಳೆ ಸಾಲ್ವಿಯಾದ ಮುಂದೆ ಕಿತ್ತಳೆ
ಆಗಷ್ಟೇ ಕೆದಕಿದ ಕೆಂಡ.
ಆದರೆ ಅಂಚಿಗೆ ನೇರಳೆ ಕೊಟ್ಟರೆ
ಜುಲೈ ಹನ್ನೆರಡರ ಮೆರವಣಿಗೆಗೆ
ಮಾವ ಕೊರಳಿಗೆ ಹಾಕುತ್ತಿದ್ದ ಪಟ್ಟಿ ಅದೇ.
ಆ ವರ್ಷ ನನ್ನ ಅಣ್ಣ ಬರಲಿಲ್ಲ.
ಆಮೇಲೂ ಬರಲಿಲ್ಲ.

ಕೆಂಪು, ಬಿಳಿ, ನೀಲಿ? ಆ ಬೀದಿಯ
ಫುಟ್‌ಪಾತಿನ ಕಲ್ಲುಗಳಿಗೆ ಬಳಿದಿದ್ದಾರಲ್ಲ, ನೋಡಿಲ್ಲವೇ?
ಈ ಊರಲ್ಲಿ ಹೂವಿಗೂ ಹಾಜರಿ ಉಂಟು.

ಗೆಡ್ಡೆ ಕೊಟ್ಟವಳು ಅತ್ತೆ.
ಮದುವೆಗೆ ಬಾರದವಳು ಮಾರನೆಯ ವಾರ ಬಂದು
ಆಲೂಗಡ್ಡೆ ಚೀಲದಲ್ಲಿ ಹನ್ನೆರಡು ಗೆಡ್ಡೆ
ಹೊಸ್ತಿಲ ಮೇಲಿಟ್ಟಳು.
ಉಡುಗೊರೆಯೋ, ಸವಾಲೋ,
ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ಕಲ್ಲಿದ್ದಲ ಗೂಡಿನ ಹಿಂದೆ ಬಿಸಿಲು ಬೀಳದಲ್ಲಿ ಹೂತೆ.
ಹಟಮಾರಿಗಳು! ಗೂಡಿನ ಮಾಡು ದಾಟಿ ಇಣುಕಿದವು.
ಅಗೆದು ತಂದು ಮುಂದೆ ನೆಟ್ಟೆ, ಇರಲಿ ಎಂದು.

ಹಾಗೆ ಕಲಿತೆ, ಬಾವುಟ ಬಾವುಟದ ನಡುವಿನ ಸಂದಿಯಲ್ಲಿ:
ಕಂಚಿನ ಬಣ್ಣದ ಸೋಂಪನ್ನು ಬೆನ್ನಿಗೆ ನಿಲ್ಲಿಸಿದರೆ
ಕಿತ್ತಳೆ ಕಿರುಚುವುದಿಲ್ಲ, ಮಾತಾಡುತ್ತದೆ.
ಕ್ಯಾಟ್‌ಮಿಂಟಿನ ಹೊಗೆನೀಲಿ ಕಾಲಬಳಿ ಹರಡಿದರೆ
ಜ್ವರ ಇಳಿದಂತೆ ಇಳಿಯುತ್ತದೆ.
ಬೂದಿ ಎಲೆಯ ಗಿಡವೊಂದು ಇರಲಿ, ಜಗಳಗಂಟರ ನಡುವೆ
ಊಟಕ್ಕೆ ಕೂರಿಸಿದ ಕಿವುಡ ಚಿಕ್ಕಪ್ಪನಂತೆ.
ಮತ್ತೆ, ಮುಸ್ಸಂಜೆ. ಮೊದಲು ಕಂದುವುದು ಕಿತ್ತಳೆಯೇ.
ನೀಲಿ ಕೊನೆಯವರೆಗೂ ಕೂತಿರುತ್ತದೆ.
ಐವರ್ ಹೋದ ದಿನ ಅದನ್ನೇ ನೋಡುತ್ತಿದ್ದೆ,
ಹತ್ತು ಗಂಟೆಯವರೆಗೂ, ದೀಪ ಹಾಕದೆ.

ಅತ್ತೆ ಒಮ್ಮೆ ಬಂದಿದ್ದಳು, ಕೋಲೂರಿಕೊಂಡು,
ಇಗರ್ಜಿಯಿಂದ ನೇರ, ಬಿಳಿ ರವಿಕೆಯಲ್ಲಿ.
ವಾಸನೆಯಿಲ್ಲದ ಹೂವಿಗೆ ಬಾಗಿ ಮೂಗು ಕೊಟ್ಟಳು.
ಎದೆಯ ಮೇಲೆಲ್ಲ ಪರಾಗ, ತುಕ್ಕಿನಂತೆ.
ಉಜ್ಜಹೋದಳು. ಕೈ ಹಿಡಿದೆ.
‘ಉಜ್ಜಬೇಡಿ. ಉಜ್ಜಿದರೆ ಒಳಗಿಳಿಯುತ್ತದೆ.’
ಅಂಟುಪಟ್ಟಿ ತಂದು ಒತ್ತಿ, ಎತ್ತಿ, ಒತ್ತಿ, ಎತ್ತಿ
ಕಲೆ ತೆಗೆದೆ. ಕಾಲು ಗಂಟೆ.
ಅವಳು ಮಗುವಿನಂತೆ ನಿಂತಿದ್ದಳು, ಆಕಾಶ ನೋಡುತ್ತ.
‘ಹನ್ನೆರಡೂ ಬದುಕಿದವೇ?’ ಎಂದಳು.
‘ಮರಿ ಹಾಕಿವೆ’ ಎಂದೆ.

ಎಲ್ಲಿ, ನೀನು ಕೇಳುತ್ತಲೇ ಇಲ್ಲ!
ಎದ್ದು ಹೋಗಿ ಎರ್ಮೆಲಿಂಡಾ ತಂದದ್ದು
ಸೂಪರ್‌ಮಾರ್ಕೆಟ್ಟಿನಲ್ಲಿ ಅರ್ಧ ಬೆಲೆಗೆ ಬಿಟ್ಟ ಡೇಲಿಯಾ,
ಹಸಿ ಗುಲಾಬಿ, ಕಣ್ಣು ಕುಕ್ಕುವ ಗುಲಾಬಿ.
ಕಿತ್ತಳೆಯ ಮಗ್ಗುಲಿಗೇ ಇಟ್ಟಳು.
ಪುಸ್ತಕಗಳೆಲ್ಲ ಒಂದೇ ಬಾಯಲ್ಲಿ ಬೇಡ ಎನ್ನುವ ಜೋಡಿ.
‘ಇದು ಯಾವ ದೇಶದ ಬಾವುಟವೇ?’

‘ನನ್ನಜ್ಜಿ ನೇಯುತ್ತಿದ್ದ ಬಟ್ಟೆ’ ಎಂದಳು,
‘ಬಾಗಿಲಲ್ಲಿ ಕೂತು, ಸೊಂಟಕ್ಕೆ ಮಗ್ಗ ಕಟ್ಟಿಕೊಂಡು.’

ಚಹಾ ಆರಿತು.
ಗುದ್ದಲಿ ಅಲ್ಲಿದೆ, ಬಾಗಿಲ ಹಿಂದೆ.
ಇನ್ನೂ ಸ್ವಲ್ಪ ಈಚೆ ತೋಡು,
ಅದು ಬೇಲಿ, ಗೋಡೆಯಲ್ಲ.